ಮುಂದಿನ ಸ್ಟೆಬಿಲೈಜರ್ ಕಂಬಿ ಎಷ್ಟು ದಪ್ಪವಿರಬೇಕು?

ನಮ್ಮ ವಾಚನಾಲಯಕ್ಕೆ ಸಂಜೆ ಬರುವ ತರುಣರಲ್ಲಿ ಹಲವರ ಬಳಿ ಈಗ ಸ್ವಂತ ಕಾರಿದೆ. ಹಬ್ಬಕ್ಕೆಂದು ಬೆಳಗಾವಿ, ಹುಬ್ಬಳ್ಳಿಗಳ ಕಡೆ ಹೊರಟಾಗ ಇವರಲ್ಲಿ ಕೆಲವರು ಹೆದ್ದಾರಿಯ ಹೊಸ ಸುರಂಗವನ್ನು ಬಿಟ್ಟು, ತಿರುವುಗಳ ಆಸೆಗಾಗಿ ಕಾತ್ರಜದ ಹಳೆಯ ಘಾಟನ್ನೇ ಹತ್ತುವುದುಂಟು. ಕಳೆದ ಮಳೆಗಾಲದಲ್ಲಿ ಅಂಥ ಒಬ್ಬ ತರುಣರು ನಮ್ಮ ಬಳಿಗೆ ಬಂದು, "ಅಣ್ಣಾ, ಮುಂದ ದಪ್ಪ ರಾಡ್ ಹಾಕಿದ್ರ ಗಾಡಿ ನೆಲಕ್ಕ ಅಂಟಿಕೊಂಡು ಹೋಗತದಂತ ಅಂಗಡಿಯವರು ಹೇಳ್ಯಾರ್ರಿ. ಖರೇ ಏನ್ರಿ?" ಎಂದು ಕೇಳಿದರು. ನಾವು ಗಿರಣಿಯಲ್ಲಿ ಲೆಕ್ಕ ಬರೆಯುವವರು. ಓದಿದ್ದು ಮೆಟ್ರಿಕ್‌ವರೆಗೆ ಮಾತ್ರ. ಆಗ ಉತ್ತರ ತಿಳಿಯದೆ ಸುಮ್ಮನಾದೆವು. ಆ ಮೌನದ ಬೆಲೆ ಏನಾಗಬಹುದಿತ್ತೆಂಬುದನ್ನು ಮುಂದೆ ಹೇಳುತ್ತೇವೆ. ಆಮೇಲೆ ಓದಿ, ಮೇಸ್ತ್ರಿಗಳನ್ನು ಕೇಳಿ ತಿಳಿದುದನ್ನು ವಾಚಕರ ಮುಂದಿಡುವುದೇ ಈ ಪಾಠದ ಉದ್ದೇಶ.

ಚಿಕ್ಕ ಮೈ, ಬಿರುಸಾದ ಎಂಜಿನು, ಹಿಂದೆ ಮೇಲಕ್ಕೆ ತೆರೆಯುವ ಬಾಗಿಲು: ಇಂಥ ಕಾರನ್ನು ಹಾಟ್ ಹ್ಯಾಚ್ ಎನ್ನುತ್ತಾರೆ. 1976ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಗಾಲ್ಫ್ ಜಿಟಿಐ ಇವುಗಳಿಗೆ ಹೆಸರು ತಂದಿತು. ನಮ್ಮ ಪುಣೆ ಜಿಲ್ಲೆಯೂ ಇವಕ್ಕೆ ತವರೇ. 2013ರಲ್ಲಿ ಬಂದ ಪೋಲೋ ಜಿಟಿ ಟಿಎಸ್ಐ ಚಾಕಣದಲ್ಲಿಯೂ, 2015ರಲ್ಲಿ ಬಂದ ಅಬಾರ್ತ್ ಪುಂಟೊ ರಾಂಜಣಗಾವದಲ್ಲಿಯೂ ತಯಾರಾದವು. ಇವೆರಡರ ತಯಾರಿಕೆಯೂ ಈಗ ನಿಂತಿದೆ. ಆದಕಾರಣ ತರುಣರು ಹಳೆಯ ಗಾಡಿಗಳನ್ನು ಕೊಂಡು ತಮಗೆ ಬೇಕಾದಂತೆ ತಿದ್ದಿಸುತ್ತಾರೆ.

ಇನ್ನು ಕಂಬಿಯ ವಿಷಯ. ಎರಡೂ ಕೊನೆಗಳಲ್ಲಿ ಬಾಗಿದ ಉಕ್ಕಿನ ಸರಳೊಂದು ಮುಂದಿನ ಎರಡು ಗಾಲಿಗಳ ನಡುವೆ ಅಡ್ಡಲಾಗಿ ಇರುತ್ತದೆ. ನಡುಭಾಗವನ್ನು ಎರಡು ರಬ್ಬರ್ ಬುಷ್‌ಗಳು ಹಿಡಿದಿರುತ್ತವೆ. ಕೊನೆಗಳನ್ನು ಲಿಂಕ್ ರಾಡ್‌ಗಳು ಗಾಲಿಯ ಕಡೆಗೆ ಜೋಡಿಸಿರುತ್ತವೆ. ಕೆನಡಾದ ಸ್ಟೀಫನ್ ಕೋಲ್ಮನ್ ಎಂಬವರು 1919ರಲ್ಲಿಯೇ ಇಂಥ ಕಂಬಿಗೆ ಪೇಟೆಂಟ್ ಪಡೆದಿದ್ದರು. ಎರಡೂ ಗಾಲಿಗಳು ಒಟ್ಟಿಗೆ ಮೇಲೆದ್ದರೆ ಕಂಬಿ ಬುಷ್‌ನಲ್ಲಿ ಸುಮ್ಮನೆ ತಿರುಗುತ್ತದೆ. ತಿರುವಿನಲ್ಲಿ ಗಾಡಿ ಹೊರಗಡೆಗೆ ವಾಲಿದಾಗ ಮಾತ್ರ, ಒದ್ದೆ ಧೋತರವನ್ನು ಇಬ್ಬರು ಎರಡು ಕಡೆ ಹಿಡಿದು ಹಿಂಡಿದಂತೆ, ಅದು ತಿರುಚಿಕೊಳ್ಳುತ್ತದೆ. ತಿರುಚಿಗೆ ಎದುರಾಗಿ ನಿಂತು ವಾಲಾಟವನ್ನು ತಡೆಯುವುದೇ ಅದರ ಕೆಲಸ.

ಕಂಬಿಯ ಬಿಗುವು ಅದರ ದಪ್ಪದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ. ಅಂದರೆ ದಪ್ಪವನ್ನು ಅದರಿಂದಲೇ ನಾಲ್ಕು ಸಲ ಇಟ್ಟು ಗುಣಿಸಬೇಕು. ಉಳಿದ ಅಳತೆಗಳೆಲ್ಲ ಹಾಗೆಯೇ ಇದ್ದರೆ, 18 ಮಿಲಿಮೀಟರಿನ ಕಂಬಿಗಿಂತ 19ರದು ಸುಮಾರು ಶೇಕಡಾ 24, 20ರದು ಶೇಕಡಾ 52 ಹೆಚ್ಚು ಬಿಗಿ. 22ರದಂತೂ ಎರಡೂಕಾಲು ಪಟ್ಟಿಗೆ ಸಮೀಪ. ಕೈಗೆ ನಾಲ್ಕೇ ಮಿಲಿಮೀಟರು ಎನಿಸಿದ್ದು ಗಾಡಿಗೆ ಬೇರೆಯೇ ಕಂಬಿಯಾಗುತ್ತದೆ. ಬಾಗಿದ ತೋಳಿನ ಉದ್ದವೂ ಲೆಕ್ಕಕ್ಕೆ ಬರುತ್ತದೆ: ತೋಳು 220ರಿಂದ 200 ಮಿಲಿಮೀಟರಿಗೆ ಇಳಿದರೆ ಬಿಗುವು ಶೇಕಡಾ 21 ಏರುತ್ತದೆ. ಆದರೆ ವಾಲಾಟವನ್ನು ಸ್ಪ್ರಿಂಗುಗಳೂ ತಡೆಯುತ್ತವೆಂಬುದನ್ನು ಮರೆಯಬಾರದು. ಮುಂದಿನ ಒಟ್ಟು ತಡೆಯಲ್ಲಿ ಸ್ಪ್ರಿಂಗಿನ ಪಾಲು 60, ಕಂಬಿಯದು 40 ಎಂದಿಟ್ಟುಕೊಂಡರೆ, ಕಂಬಿಯ ಬಿಗುವು ಶೇಕಡಾ 52 ಏರಿದಾಗ ಒಟ್ಟು ತಡೆ ಏರುವುದು ಶೇಕಡಾ 21ರಷ್ಟು ಮಾತ್ರ.

ಹಾಗಾದರೆ ದಪ್ಪವಾದಷ್ಟೂ ಒಳ್ಳೆಯದಲ್ಲವೇ ಎಂದು ವಾಚಕರು ಕೇಳಬಹುದು. ಅಲ್ಲ. ತಿರುವಿನಲ್ಲಿ ಒಳಗಾಲಿಯಿಂದ ಹೊರಗಾಲಿಗೆ ಸರಿಯುವ ಒಟ್ಟು ಭಾರವನ್ನು ಗಾಡಿಯ ಎತ್ತರ, ಅಗಲ, ವೇಗಗಳೇ ಬಹುಮಟ್ಟಿಗೆ ನಿರ್ಧರಿಸುತ್ತವೆ. ಆ ಭಾರದಲ್ಲಿ ಮುಂದಿನ ಜೋಡಿ ಎಷ್ಟು ಹೊರಬೇಕು, ಹಿಂದಿನ ಜೋಡಿ ಎಷ್ಟು ಹೊರಬೇಕು ಎಂದು ಹಂಚುವುದು ಕಂಬಿಯ ಕೈಯಲ್ಲಿದೆ. ಮುಂದೆ ದಪ್ಪವಾದರೆ ಮುಂದಿನ ಜೋಡಿಗೆ ಹೆಚ್ಚು ಪಾಲು ಬೀಳುತ್ತದೆ.

ಟಾಯರಿನ ಒಂದು ಗುಣವನ್ನು ಇಲ್ಲಿ ತಿಳಿಯಬೇಕು. ಭಾರ ಹೆಚ್ಚಿದಂತೆ ಹಿಡಿತ ಹೆಚ್ಚುತ್ತದೆ. ಆದರೆ ಭಾರ ಹೆಚ್ಚಿದಷ್ಟು ಹೆಚ್ಚುವುದಿಲ್ಲ. ಲೆಕ್ಕಕ್ಕೆಂದೇ ಕೆಲವು ಅಂಕಿಗಳನ್ನು ಹಿಡಿಯೋಣ. 300 ಕಿಲೋ ಹೊತ್ತ ಟಾಯರಿನ ಹಿಡಿತ 270, 100 ಕಿಲೋ ಹೊತ್ತದ್ದರದು 98, 500 ಕಿಲೋ ಹೊತ್ತದ್ದರದು 400 ಎಂದಿರಲಿ. ಎರಡು ಗಾಲಿಗಳು ಸಮವಾಗಿ 300 ಹೊತ್ತರೆ ಒಟ್ಟು ಹಿಡಿತ 540. ಒಂದರ ಮೇಲೆ 100, ಇನ್ನೊಂದರ ಮೇಲೆ 500 ಬಿದ್ದರೆ ಒಟ್ಟು 498 ಮಾತ್ರ. ಭಾರ ಅಷ್ಟೇ ಇದ್ದರೂ ಹಿಡಿತ ಕಳೆದುಹೋಯಿತು. ಆದ್ದರಿಂದ ಮುಂದೆ ಬಲು ದಪ್ಪ ಕಂಬಿ ಹಾಕಿದ ಗಾಡಿಯ ಮೂತಿ, ಸ್ಟಿಯರಿಂಗ್ ತಿರುಗಿಸಿದರೂ, ತಿರುವಿನ ಹೊರಗಡೆಗೇ ಸರಿಯುತ್ತದೆ.

ಈ ಚಿಕ್ಕ ಗಾಡಿಗಳಲ್ಲಿ ಎಂಜಿನು ಮುಂದಿನ ಗಾಲಿಗಳನ್ನೇ ತಿರುಗಿಸುವುದರಿಂದ ಇನ್ನೊಂದು ಕೆಡುಕುಂಟು. ಭಾರ ಕಳೆದುಕೊಂಡ ಒಳಗಾಲಿ ಏರಿನ ತಿರುವಿನಲ್ಲಿ ಬರಿದೆ ಸುತ್ತುತ್ತದೆ; ಸಾಮಾನ್ಯ ಡಿಫರೆನ್ಶಿಯಲ್ ಇರುವ ಗಾಡಿಯಲ್ಲಿ ಹೊರಗಾಲಿಗೂ ಆಗ ಅದಕ್ಕಿಂತ ಹೆಚ್ಚು ಎಳೆತ ಸಿಗುವುದಿಲ್ಲ. ಮೇಲಾಗಿ, ಒಂದೇ ಗಾಲಿ ತಗ್ಗಿಗೆ ಬಿದ್ದಾಗ ಆ ಏಟನ್ನು ದಪ್ಪ ಕಂಬಿ ಇನ್ನೊಂದು ಗಾಲಿಗೂ ಮುಟ್ಟಿಸುತ್ತದೆ. ನಮ್ಮ ರಸ್ತೆಗಳ ತಗ್ಗುಗಳನ್ನು ವಾಚಕರಿಗೆ ನಾವು ವರ್ಣಿಸಬೇಕಾಗಿಲ್ಲ.

ಇನ್ನು ಆ ತರುಣರ ಕಥೆ. ಎರಡು ತಿಂಗಳ ಉಳಿತಾಯ ಸುರಿದು ಅವರು ದಪ್ಪ ಕಂಬಿ ಹಾಕಿಸಿಯೇ ಬಿಟ್ಟರು. ಜಿಟಿಜಿಟಿ ಮಳೆಯಲ್ಲಿ, ಕಾಲೇಜು ಓದುವ ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಘಾಟು ಹತ್ತಿದರು. ಒಂದು ತಿರುವಿನಲ್ಲಿ ಒಳಗಾಲಿ ಸುತ್ತಿತು, ಮೂತಿ ನೇರ ಹೊರಗಡೆಯ ಗೋಡೆಗೆ ಹೋಯಿತು. ವೇಗ ಕಡಿಮೆಯಿದ್ದುದರಿಂದ ಬಂಪರ್ ಒಡೆದದ್ದಷ್ಟೇ ನಷ್ಟ. ಗಿರಣಿಯ ಫಿಟರ್‌ರಿಂದ ವರ್ನಿಯರ್ ಕೇಳಿ ತಂದು ಅಳೆದೆವು: ಹಳೆಯದು 18, ಹೊಸದು 22! ಹಳೆಯ ಕಂಬಿಯ ಬುಷ್ ನೋಡಿದರೆ ಸವೆದು ಸಡಿಲವಾಗಿತ್ತು. ಹೊಸ ಬುಷ್, ಹೊಸ ಲಿಂಕ್ ರಾಡ್ ಕೊಟ್ಟು ಹಳೆಯ ಕಂಬಿಯನ್ನೇ ಕೂರಿಸಿದಾಗ ಅವರು ದೂರುತ್ತಿದ್ದ ವಾಲಾಟದ ಬಹುಪಾಲು ಹೋಯಿತು.

ಹಾಗೆಂದು ದಪ್ಪ ಕಂಬಿ ಎಂದಿಗೂ ತಪ್ಪೆಂದು ನಾವು ಹೇಳುವುದಿಲ್ಲ. ಗಾಡಿ ತೀರ ವಾಲಿದಾಗ ಹೊರಗಡೆಯ ಟಾಯರು ಓರೆಯಾಗಿ ಅಂಚಿನ ಮೇಲೆ ನಿಲ್ಲುತ್ತದೆ. ಅಂಥಲ್ಲಿ ಸ್ವಲ್ಪ ದಪ್ಪ ಕಂಬಿ ಅದನ್ನು ನೆಟ್ಟಗಿರಿಸಿ ಹಿಡಿತವನ್ನು ಉಳಿಸಬಹುದು. ಹಿಂದಿನ ಬಿಗುವನ್ನು ಹೆಚ್ಚಿಸಿ ಬಾಲ ಜಾರತೊಡಗಿದ ಗಾಡಿಗೂ ಮುಂದೆ ತುಸು ದಪ್ಪ ಬೇಕಾಗಬಹುದು. ಮೂತಿ ಜಾರುವ ಗಾಡಿಗೆ ಹಿಂದೆ ಬಿಗುವು ಹೆಚ್ಚಿಸುವುದು ಸ್ಪರ್ಧೆಯವರ ರೂಢಿ. ಆದರೆ ಮಳೆಯಲ್ಲಿ ಆಕ್ಸಿಲರೇಟರ್ ಥಟ್ಟನೆ ಬಿಟ್ಟರೆ ಅಂಥ ಗಾಡಿಯ ಬಾಲ ಸುತ್ತಿ ಬರುತ್ತದೆ. ಮೂತಿ ಜಾರಿದ್ದಕ್ಕಿಂತ ಅದನ್ನು ಸರಿಪಡಿಸುವುದು ಕಷ್ಟ.

ಆದ್ದರಿಂದ ಕ್ರಮ ಹೀಗಿರಲಿ. ಮೊದಲು ಟಾಯರಿನ ಗಾಳಿ, ಸವೆತ, ವೀಲ್ ಅಲೈನ್‌ಮೆಂಟ್ ನೋಡಿಸಿರಿ. ಎರಡನೆಯದಾಗಿ ಬುಷ್ ಮತ್ತು ಲಿಂಕ್ ರಾಡ್ ನೋಡಿಸಿರಿ. ತಗ್ಗಿನಲ್ಲಿ ಕಟಕಟ ಸದ್ದು ಬಂದರೆ ಮೊದಲ ಅನುಮಾನ ಅವುಗಳ ಮೇಲೆಯೇ ಇರಲಿ. ಮೂರನೆಯದಾಗಿ ಈಗಿರುವ ಕಂಬಿಯನ್ನು ಅಳೆಯಿರಿ. ಬದಲಿಸಲೇಬೇಕಾದರೆ ಒಂದೆರಡು ಮಿಲಿಮೀಟರಿಗಿಂತ ಮುಂದೆ ಹೋಗಬೇಡಿರಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿರಿ. ಪರೀಕ್ಷೆಯನ್ನು ಸ್ಪರ್ಧೆಗೆಂದೇ ಇರುವ ಮೈದಾನದಲ್ಲಿ ಮಾಡಿರಿ, ಹಾಲಿನ ಗಾಡಿ, ಶಾಲೆಯ ಬಸ್ಸು ಓಡಾಡುವ ಘಾಟಿನಲ್ಲಲ್ಲ. ಕೊನೆಯದಾಗಿ ಕಾಯಿದೆ: 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ವಾಹನದ ಮಾರ್ಪಾಟನ್ನು ನಿರ್ಬಂಧಿಸುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿದಿದೆ. ಹಣ ಕೊಡುವ ಮುಂಚೆ ಆರ್‌ಟಿಓ ಕಚೇರಿಯಲ್ಲಿಯೂ ವಿಮೆಯವರಲ್ಲಿಯೂ ವಿಚಾರಿಸುವುದು ಜಾಣತನ.

ತಿಳಿಯದಿದ್ದಾಗ ಸುಮ್ಮನಾಗುವುದಕ್ಕಿಂತ, "ತಿಳಿದು ಹೇಳುತ್ತೇನೆ, ಅಲ್ಲಿಯವರೆಗೆ ತಡೆಯಿರಿ" ಎನ್ನುವುದು ಲೇಸೆಂದು ನಾವು ಈ ಪ್ರಸಂಗದಿಂದ ಕಲಿತೆವು. ಆ ಅಣ್ಣತಮ್ಮಂದಿರು ಈ ಸಲದ ದೀಪಾವಳಿಗೆ ಹಳೆಯ ಕಂಬಿಯಲ್ಲೇ ಊರಿಗೆ ಹೋಗಿ ಸುಖವಾಗಿ ಬಂದರು.