ಗಿಟಾರಿನ ಪೆಡಲ್‌ಗಳಿಗೆ ತಕ್ಕ ವಿದ್ಯುತ್ ಪೂರೈಕೆ

ವಿದ್ಯುತ್ ಗಿಟಾರಿನ ತಂತಿಯನ್ನು ಮಿಡಿದಾಗ ಹುಟ್ಟುವ ಸಂಕೇತವು ಬಲು ದುರ್ಬಲವಾದುದು. ಸ್ಥೂಲವಾಗಿ ಹೇಳುವುದಾದರೆ ಒಂದು ವೋಲ್ಟಿನ ಹತ್ತನೆಯ ಒಂದು ಭಾಗದಷ್ಟು. ಧ್ವನಿವರ್ಧಕವನ್ನು ಸೇರುವ ಮುನ್ನ ಅದು ವಾದಕನ ಕಾಲ ಬಳಿಯಿರುವ ಕೆಲವು ಪುಟ್ಟ ಪೆಟ್ಟಿಗೆಗಳನ್ನು ಹಾದುಹೋಗುತ್ತದೆ. ಪೆಡಲ್‌ಗಳೆಂದು ಕರೆಯಲ್ಪಡುವ ಈ ಪೆಟ್ಟಿಗೆಗಳಲ್ಲಿ ಒಂದು ನಾದವನ್ನು ಒರಟುಗೊಳಿಸಿದರೆ, ಮತ್ತೊಂದು ಅದಕ್ಕೆ ಪ್ರತಿಧ್ವನಿಯನ್ನು ಕೂಡಿಸುತ್ತದೆ. ಇವುಗಳನ್ನು ಕೊಳ್ಳುವಾಗ ಗಂಟೆಗಟ್ಟಲೆ ವಿಚಾರ ಮಾಡುವ ವಾದಕರೂ ಇವಕ್ಕೆಲ್ಲ ವಿದ್ಯುತ್ತನ್ನು ಉಣಿಸುವ ಸಾಧನವನ್ನು ಮಾತ್ರ ಕೊನೆಗೆ, ಮಿಕ್ಕ ಹಣದಲ್ಲಿ ಕೊಂಡು ಮುಗಿಸುವುದುಂಟು.

ಮೊದಲಿಗೆ ಈ ಪ್ರಶ್ನೆಯೇ ಇರಲಿಲ್ಲ. 1962ರಲ್ಲಿ ಅಮೆರಿಕದಲ್ಲಿ ಹೊರಬಂದ ಮೇಸ್ಟ್ರೊ ಫಜ್-ಟೋನ್ ಎಂಬ ಪೆಡಲ್ 1.5 ವೋಲ್ಟಿನ ಎರಡು ಶುಷ್ಕಕೋಶಗಳಿಂದಲೇ ನಡೆಯುತ್ತಿತ್ತು. 1966ರಲ್ಲಿ ಲಂಡನ್ನಿನಲ್ಲಿ ತಯಾರಾದ ಫಜ್ ಫೇಸ್‌ಗೆ 9 ವೋಲ್ಟಿನ ಚೌಕಾಕಾರದ ಬ್ಯಾಟರಿಯೊಂದು ಸಾಕಾಗಿತ್ತು. ಇಂತಹ ಮಂಡಲವು ಸೆಳೆಯುವ ಪ್ರವಾಹ ಸುಮಾರು 1 ಮಿಲಿ ಆಂಪಿಯರ್ ಮಾತ್ರ. ಆದುದರಿಂದ ಒಂದು ಬ್ಯಾಟರಿ ನೂರಾರು ಗಂಟೆ ಬಾಳುತ್ತದೆ. ಆದರೆ ಅಂಕೀಯ ತಂತ್ರದ ಇಂದಿನ ಪ್ರತಿಧ್ವನಿ ಪೆಡಲ್‌ಗಳಲ್ಲಿ ಕೆಲವು 300 ಮಿಲಿ ಆಂಪಿಯರ್ ಬೇಡುತ್ತವೆ. ಅದೇ ಬ್ಯಾಟರಿಯನ್ನು ಇವಕ್ಕೆ ಜೋಡಿಸಿದರೆ ಎರಡು ಗಂಟೆಯೂ ಬಾರದು. ಹೀಗಾಗಿ ಗೋಡೆಯ ವಿದ್ಯುತ್ತಿನಿಂದ ನಡೆಯುವ ಪೂರೈಕೆ ಅನಿವಾರ್ಯವಾಯಿತು.

ಪ್ರತಿಯೊಂದು ಪೆಡಲಿನ ಮೇಲೂ ವೋಲ್ಟೇಜ್, ಧ್ರುವತೆ, ಪ್ರವಾಹ ಎಂಬ ಮೂರು ವಿವರಗಳನ್ನು ನೋಡಬೇಕು. ಇವುಗಳಲ್ಲಿ ಮೊದಲೆರಡು ತಪ್ಪದೆ ಹೊಂದಲೇಬೇಕು. ಮೂರನೆಯದು ಸಾಕಷ್ಟಿದ್ದರೆ ಆಯಿತು. ಏಕೆಂದರೆ ವೋಲ್ಟೇಜನ್ನು ಪೂರೈಕೆಯು ಹೇರುತ್ತದೆ, ಪ್ರವಾಹವನ್ನಾದರೋ ಪೆಡಲ್ ತನಗೆ ಬೇಕಾದಷ್ಟೇ ಸೆಳೆದುಕೊಳ್ಳುತ್ತದೆ. 10 ಮಿಲಿ ಆಂಪಿಯರ್ ಬೇಕಾದ ಪೆಡಲನ್ನು 500 ಮಿಲಿ ಆಂಪಿಯರ್ ಕೊಡಬಲ್ಲ ಕಿಂಡಿಗೆ ಜೋಡಿಸಿದರೆ ಯಾವ ಅಪಾಯವೂ ಇಲ್ಲ. 9 ವೋಲ್ಟಿನ ಪೆಡಲಿಗೆ 18 ವೋಲ್ಟನ್ನು ಕೊಟ್ಟರೆ ಅದು ಸುಟ್ಟುಹೋಗಬಹುದು. ನಿಯಂತ್ರಣವಿಲ್ಲದ ಅಗ್ಗದ ಅಡಾಪ್ಟರುಗಳು ಮೇಲೆ 9 ವೋಲ್ಟ್ ಎಂದು ಬರೆದಿದ್ದರೂ ಭಾರ ಕಡಿಮೆಯಿದ್ದಾಗ 12 ವೋಲ್ಟಿಗೂ ಮೀರಿ ಏರುತ್ತವೆ ಎಂಬುದನ್ನೂ ಇಲ್ಲಿ ನೆನೆಯಬೇಕು.

ಧ್ರುವತೆಯ ವಿಷಯ ಇನ್ನೂ ಸೂಕ್ಷ್ಮವಾದುದು. ಬಹುಪಾಲು ಪೆಡಲ್‌ಗಳಲ್ಲಿ ಕಿಂಡಿಯ ನಡುವಿನ ಕಡ್ಡಿ ಋಣ, ಹೊರಗಿನ ಬಳೆ ಧನ. ಮನೆಯಲ್ಲಿರುವ ಇಂಟರ್‌ನೆಟ್ ರೂಟರ್ ಮುಂತಾದವುಗಳ ಅಡಾಪ್ಟರುಗಳಲ್ಲಿ ಸಾಮಾನ್ಯವಾಗಿ ಇದು ತಿರುವುಮುರುವು, ಆದರೆ ತುದಿಯ ಅಳತೆ ಅನೇಕ ಸಲ ಒಂದೇ! ಕೈಗೆ ಸಿಕ್ಕಿದ ಅಡಾಪ್ಟರನ್ನು ಸಿಕ್ಕಿಸಿ ನೋಡುವ ಅಭ್ಯಾಸದಿಂದ ಹಾಳಾಗುವ ಪೆಡಲ್‌ಗಳಿಗೆ ಇದೇ ಕಾರಣ. ವಿರುದ್ಧ ಪ್ರವಾಹವನ್ನು ತಡೆಯುವ ಡಯೋಡ್ ಕೆಲವದರಲ್ಲಿ ಉಂಟು, ಎಲ್ಲದರಲ್ಲಿಯೂ ಇಲ್ಲ.

ಪ್ರವಾಹದ ಲೆಕ್ಕದಲ್ಲಿ ಒಂದು ಮೋಸವಿದೆ. ಐದು ಕಿಂಡಿಗಳುಳ್ಳ ಪೂರೈಕೆಯೊಂದು ಒಟ್ಟು 500 ಮಿಲಿ ಆಂಪಿಯರ್ ಕೊಡುತ್ತದೆ ಎಂದುಕೊಳ್ಳೋಣ. ನಾಲ್ಕು ಸಣ್ಣ ಪೆಡಲ್‌ಗಳಿಗೆ ತಲಾ 10, ಪ್ರತಿಧ್ವನಿ ಪೆಡಲಿಗೆ 300, ಒಟ್ಟು 340. ಕೂಡಿಸಿ ನೋಡಿದರೆ ಧಾರಾಳವಾಗಿ ಸಾಕು. ಆದರೆ ಒಂದೊಂದು ಕಿಂಡಿಯ ಮಿತಿ 100 ಆಗಿದ್ದರೆ ಪ್ರತಿಧ್ವನಿ ಪೆಡಲ್ ನಡೆಯುವುದೇ ಇಲ್ಲ. ಒಟ್ಟು ಮೊತ್ತಕ್ಕಿಂತ ಕಿಂಡಿಯೊಂದರ ಮಿತಿಯನ್ನೇ ಮೊದಲು ನೋಡುವುದು ಜಾಣತನ.

ಇವೆಲ್ಲ ಸರಿಹೊಂದಿದ ಮೇಲೆಯೂ ಗುಂಯ್‌ಗುಡುವ ಸದ್ದು ಉಳಿಯಬಹುದು. ಒಂದೇ ಅಡಾಪ್ಟರಿನಿಂದ ಸರಪಳಿಯಂತೆ ಎಲ್ಲ ಪೆಡಲ್‌ಗಳಿಗೂ ವಿದ್ಯುತ್ತನ್ನು ಹಂಚಿದಾಗ ಪ್ರವಾಹವು ಹಿಂದಿರುಗಲು ಎರಡು ದಾರಿಗಳಾಗುತ್ತವೆ: ವಿದ್ಯುತ್ ತಂತಿಯ ಋಣ ಎಳೆ ಒಂದು, ನಾದವನ್ನು ಒಯ್ಯುವ ತಂತಿಯ ಹೊರಕವಚ ಇನ್ನೊಂದು. ಆ ದಾರಿಯ ರೋಧ ಕೇವಲ 0.1 ಓಮ್ ಇದ್ದರೂ 300 ಮಿಲಿ ಆಂಪಿಯರ್ ಹರಿದಾಗ ಓಮ್‌ನ ನಿಯಮದಂತೆ 30 ಮಿಲಿ ವೋಲ್ಟ್ ಹುಟ್ಟುತ್ತದೆ. ಅಂಕೀಯ ಪೆಡಲಿನ ಪ್ರವಾಹ ಸ್ಥಿರವಲ್ಲ, ಕ್ಷಣಕ್ಷಣಕ್ಕೂ ಏರಿಳಿಯುವಂಥದು. ಆ ಏರಿಳಿತದ ಒಂದಂಶವು ಗಿಟಾರಿನ ದುರ್ಬಲ ಸಂಕೇತದಲ್ಲಿ ಬೆರೆತರೂ ಸಾಕು, ಮುಂದಿರುವ ಒರಟು ನಾದದ ಪೆಡಲ್ ಅದನ್ನು ನೂರಾರು ಪಟ್ಟು ಹಿಗ್ಗಿಸುತ್ತದೆ. ಪ್ರತಿ ಕಿಂಡಿಗೂ ಪರಿವರ್ತಕದಲ್ಲಿ ಬೇರೆ ಸುರುಳಿಯನ್ನೋ ಅಂಥದೇ ಬೇರೆ ವ್ಯವಸ್ಥೆಯನ್ನೋ ಮಾಡಿ ಒಂದರ ಋಣಕ್ಕೂ ಇನ್ನೊಂದರ ಋಣಕ್ಕೂ ಸಂಬಂಧವಿಲ್ಲದಂತೆ ರಚಿಸಿದ ಪೂರೈಕೆಗೆ ಬೆಲೆ ಹೆಚ್ಚಲು ಇದೇ ಕಾರಣ, ಮತ್ತು ಆ ಬೆಲೆ ನ್ಯಾಯವಾದುದೇ. ಹಳೆಯ ಜರ್ಮೇನಿಯಂ ಪೆಡಲ್‌ಗಳಿಗಂತೂ ಇದು ಅತ್ಯಗತ್ಯ. ಅವುಗಳಲ್ಲಿ ಬ್ಯಾಟರಿಯ ಧನಾಗ್ರವೇ ಪೆಟ್ಟಿಗೆಗೆ ಸೇರಿರುವುದರಿಂದ, ಇತರ ಪೆಡಲ್‌ಗಳ ಸರಪಳಿಯಲ್ಲಿ ಅವನ್ನು ಸೇರಿಸಿದೊಡನೆ ಪೂರೈಕೆಯ ಎರಡು ತುದಿಗಳೂ ನಾದದ ತಂತಿಯ ಕವಚದ ಮೂಲಕ ನೇರವಾಗಿ ಕೂಡಿಕೊಳ್ಳುತ್ತವೆ.

ಸದ್ದನ್ನು ಅಡಗಿಸಲು ಕೆಲವರು ಧ್ವನಿವರ್ಧಕದ ಪ್ಲಗ್ಗಿನಿಂದ ಭೂಸಂಪರ್ಕದ ಕಡ್ಡಿಯನ್ನೇ ತೆಗೆದುಬಿಡುತ್ತಾರೆ. ಸದ್ದು ಅಡಗಬಹುದು. ಆದರೆ ಉಪಕರಣದಲ್ಲಿ ದೋಷವಿದ್ದರೆ 230 ವೋಲ್ಟ್ ಗಿಟಾರಿನ ತಂತಿಗಳವರೆಗೂ ಬಂದು ನಿಲ್ಲುತ್ತದೆ. ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ 1972ರಲ್ಲಿ ವೇಲ್ಸ್‌ನ ಸ್ವಾನ್ಸಿ ನಗರದ ವೇದಿಕೆಯ ಮೇಲೆ, ಭೂಸಂಪರ್ಕವಿಲ್ಲದ ಧ್ವನಿಗ್ರಾಹಕವನ್ನು ಮುಟ್ಟಿ ವಿದ್ಯುದಾಘಾತದಿಂದ ಪ್ರಾಣಬಿಟ್ಟನು. ಸದ್ದಿಗೆ ಮದ್ದು ಪೆಡಲ್‌ಗಳ ಪೂರೈಕೆಯನ್ನು ಬೇರ್ಪಡಿಸುವುದೇ ಹೊರತು ಭೂಸಂಪರ್ಕವನ್ನು ಕತ್ತರಿಸುವುದಲ್ಲ.

ಅಮೆರಿಕದಲ್ಲಿ ನೆಲೆಸಿದ ಬಂಧುಗಳು ಇಂತಹ ಸಾಧನಗಳನ್ನು ಊರಿಗೆ ತಂದುಕೊಡುವುದುಂಟು. ಅಲ್ಲಿನ ಮನೆಗಳ ವಿದ್ಯುತ್ತು 120 ವೋಲ್ಟ್, 60 ಹರ್ಟ್ಸ್. ಇಲ್ಲಿಯದು 230 ವೋಲ್ಟ್, 50 ಹರ್ಟ್ಸ್. ಹಿಂಬದಿಯ ಚೀಟಿಯಲ್ಲಿ 100ರಿಂದ 240 ವೋಲ್ಟ್ ಎಂದಿದ್ದರೆ ಪ್ಲಗ್ಗಿನ ತುದಿಯನ್ನು ಬದಲಿಸಿದರೆ ಸಾಕು. 120 ಎಂದು ಮಾತ್ರ ಇದ್ದರೆ ವೋಲ್ಟೇಜನ್ನು ಇಳಿಸುವ ಪರಿವರ್ತಕವಿಲ್ಲದೆ ಗೋಡೆಗೆ ಜೋಡಿಸಬಾರದು. ಜೋಡಿಸಿದ ಮೇಲೂ ಮೊದಲ ಒಂದು ಗಂಟೆ ಅದು ಅತಿಯಾಗಿ ಕಾಯುತ್ತಿದೆಯೇ ಎಂದು ಕೈಯಿಟ್ಟು ನೋಡುವುದು ಒಳ್ಳೆಯದು.