ಯಾವ ಹಸು ಮನೆ ನಡೆಸುತ್ತಿದೆ? ಹಾಲಿನ ಲೆಕ್ಕಕ್ಕೆ ಸ್ಪ್ರೆಡ್‌ಶೀಟ್ ಪಾಠ



ಕೆಂಗಲ್ ಆಂಜನೇಯಸ್ವಾಮಿ ದನಗಳ ಜಾತ್ರೆಗೆ ಹೋದವರು ನೋಡಿಯೇ ಇರುತ್ತೀರಿ. ಹಳ್ಳಿಕಾರ್ ಜೋಡಿಯ ಮುಂದೆ ನಿಂತವರು ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ಆಮೇಲೆ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಮುಗಿಸುತ್ತಾರೆ. ಎತ್ತಿಗೆ ಆ ಕಣ್ಣಳತೆ ಸಾಕು. ಹಾಲು ಕರೆಯುವ ಸೀಮೆ ಹಸುವಿಗೆ ಸಾಲದು. ಕರು ಹಾಕಿದ ಹೊಸದರಲ್ಲಿ ಬಕೆಟ್ ತುಂಬಿಸುವ ಹಸು ವರ್ಷದ ಲೆಕ್ಕದಲ್ಲಿ ಹಿಂದೆ ಬಿದ್ದಿರಬಹುದು. ಅದು ಕಣ್ಣಿಗೆ ಕಾಣುವುದಿಲ್ಲ.

ಡೈರಿಯ ಪಾಸ್‌ಪುಸ್ತಕದಲ್ಲೂ ಕಾಣುವುದಿಲ್ಲ. ಏಕೆಂದರೆ ಡೈರಿಗೆ ಹೋಗುವುದು ಒಂದೇ ಕ್ಯಾನು. ಎರಡು ಹಸುವಿನ ಹಾಲೋ ಮೂರು ಹಸುವಿನ ಹಾಲೋ ಅದರಲ್ಲಿ ಕಲೆತು ಹೋಗಿರುತ್ತದೆ. ಲೀಟರ್ ಎಷ್ಟು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು, ಬಟವಾಡೆ ಎಷ್ಟು ಎಂಬುದು ಸಂಘಕ್ಕೆ ಗೊತ್ತು. ಯಾವ ಹಸು ಎಷ್ಟು ಕೊಟ್ಟಿತು ಎಂಬುದು ಕೊಟ್ಟಿಗೆಯಲ್ಲಿ ಕೂತು ಹಾಲು ಕರೆದ ನಿಮಗೆ ಮಾತ್ರ ಗೊತ್ತು. ಬರೆದಿಡದಿದ್ದರೆ ನಿಮಗೂ ಮರೆತು ಹೋಗುತ್ತದೆ. ಮಗಳ ಕಾಲೇಜು ಶುಲ್ಕಕ್ಕೆ ಒಂದು ಹಸು ಮಾರಬೇಕು ಎಂಬ ಮಾತು ಮನೆಯಲ್ಲಿ ಎದ್ದಾಗ ಯಾವುದನ್ನು ಮಾರುವುದು ಎಂದು ಹೇಳಲು ನಿಮ್ಮ ಕೈಯಲ್ಲಿ ಏನಿರುತ್ತದೆ?

ಫೋನಿನಲ್ಲಿ ಹಾಳೆ ತೆರೆದು ಅಂಕಿ ತುಂಬಿ ಕೂಡಿಸುವಷ್ಟು ನಿಮಗೆ ಬರುತ್ತದೆ ಎಂದುಕೊಂಡು ಈ ಪಾಠ ಬರೆದಿದೆ. ಗೂಗಲ್ ಶೀಟ್ಸ್ ಆದರೂ ಸರಿ, ಎಕ್ಸೆಲ್ ಆದರೂ ಸರಿ.

ಒಂದು ಹೊತ್ತು, ಒಂದು ಹಸು, ಒಂದು ಸಾಲು

ನಾವು ಸಾಮಾನ್ಯವಾಗಿ ಮಾಡುವುದು ಹೀಗೆ: ತಿಂಗಳಿಗೊಂದು ಹಾಳೆ, ಮೇಲೆ ಹಸುಗಳ ಹೆಸರು, ಪಕ್ಕದಲ್ಲಿ ತಾರೀಖು. ಓದಲು ಚೆನ್ನಾಗಿರುತ್ತದೆ. ಆದರೆ ಹೊಸ ಹಸು ಬಂದರೆ ಹೊಸ ಕಂಬ ಸೇರಿಸಬೇಕು, ವರ್ಷದ ಲೆಕ್ಕ ಬೇಕೆಂದರೆ ಹನ್ನೆರಡು ಹಾಳೆ ತಿರುವಬೇಕು. ಅದರ ಬದಲು ಒಂದೇ ಉದ್ದನೆಯ ಹಾಳೆ ಇಡಿ. ಕಂಬಗಳು ನಾಲ್ಕೇ: ದಿನಾಂಕ, ಹೊತ್ತು, ಹಸು, ಲೀಟರ್. ಬೆಳಿಗ್ಗೆ ಎರಡು ಹಸು ಕರೆದರೆ ಎರಡು ಸಾಲು, ಸಂಜೆ ಮತ್ತೆರಡು ಸಾಲು. ಹಾಳೆ ಉದ್ದವಾಗುತ್ತದೆ ಎಂದು ಹೆದರಬೇಡಿ, ಎಣಿಸುವ ಕೆಲಸ ನಿಮ್ಮದಲ್ಲ. ಮೇಲಿನ ತಲೆಬರಹದ ಸಾಲನ್ನು 'ಫ್ರೀಜ್' ಮಾಡಿಟ್ಟರೆ ಎಷ್ಟು ಕೆಳಗೆ ಹೋದರೂ ಅದು ಕಣ್ಣ ಮುಂದೆಯೇ ನಿಲ್ಲುತ್ತದೆ.

ದಿನಾ ಎರಡು ಹೊತ್ತು ಅಳೆಯುವುದು ಆಗದ ಮಾತು ಎನ್ನುವವರೂ ಇದ್ದೀರಿ. ಸಗಣಿ ಬಾಚಿ, ಮೇವು ಹಾಕಿ, ಮಕ್ಕಳನ್ನು ಶಾಲೆಗೆ ಕಳಿಸುವ ಹೊತ್ತಿನಲ್ಲಿ ಅದು ನಿಜವೇ. ಹಾಗಿದ್ದರೆ ವಾರಕ್ಕೊಂದು ದಿನ ಗೊತ್ತು ಮಾಡಿಕೊಳ್ಳಿ. ಆ ದಿನ ಬೆಳಿಗ್ಗೆ, ಸಂಜೆ ಎರಡೂ ಹೊತ್ತು ಪ್ರತಿ ಹಸುವಿನ ಹಾಲನ್ನು ಬೇರೆ ಬೇರೆ ಅಳೆದು ಬರೆಯಿರಿ, ಏಳರಿಂದ ಗುಣಿಸಿ. ತೂಕ ಕೂದಲೆಳೆಯಷ್ಟು ಸರಿ ಇರುವುದಿಲ್ಲ, ಆದರೆ ಹಸು ಹಸುವಿನ ನಡುವಿನ ವ್ಯತ್ಯಾಸ ತಿಳಿಯಲು ಧಾರಾಳ ಸಾಕು.

ಎರಡನೆಯ ಹಾಳೆ ಡೈರಿಯ ಚೀಟಿಗೆ: ದಿನಾಂಕ, ಹೊತ್ತು, ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ದರ, ಮೊತ್ತ. ಸರ್ಕಾರದ ಪ್ರೋತ್ಸಾಹಧನಕ್ಕೆ ಬೇರೆ ಕಂಬ ಇರಲಿ. 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಶುರುವಾಗಿ 5 ರೂಪಾಯಿಗೆ ಏರಿದ ಈ ಹಣ ನೇರ ಬ್ಯಾಂಕ್ ಖಾತೆಗೆ ಬೇರೆಯಾಗಿಯೇ ಬರುತ್ತದೆ. ಬಟವಾಡೆಯೊಂದಿಗೆ ಕಲೆಸಿದರೆ ಯಾವ ತಿಂಗಳದ್ದು ಬಂತು, ಯಾವುದು ಬಾಕಿ ಎಂಬುದು ತಿಳಿಯದೆ ಹೋಗುತ್ತದೆ. ಮೂರನೆಯ ಹಾಳೆ ಹಸುಗಳ ಜಾತಕ: ಹೆಸರು, ಕಿವಿ ಓಲೆಯ ಸಂಖ್ಯೆ, ಕರು ಹಾಕಿದ ದಿನ, ಸೂಜಿ ಹಾಕಿಸಿದ ದಿನ. ಹಿಂಡಿ, ಬೂಸಾ, ಪಶು ಆಹಾರ, ಡಾಕ್ಟರ ಖರ್ಚಿಗೆ ನಾಲ್ಕನೆಯದು.

ಅಂಕಿ ಕೆಡುವ ಜಾಗಗಳು

ಸ್ಪ್ರೆಡ್‌ಶೀಟ್ ತಪ್ಪು ಲೆಕ್ಕ ಕೊಟ್ಟಿತು ಎನ್ನುವವರ ಹಾಳೆ ನೋಡಿದರೆ ಹತ್ತಕ್ಕೆ ಒಂಬತ್ತು ಸಲ ತಪ್ಪು ತುಂಬುವುದರಲ್ಲೇ ಇರುತ್ತದೆ. 'ಗೌರಿ' ಎಂದು ಒಂದು ಸಲ, 'ಗೌರೀ' ಎಂದು ಇನ್ನೊಂದು ಸಲ, ಹೆಸರಿನ ಹಿಂದೆ ಒಂದು ಖಾಲಿ ಜಾಗ ಬಿಟ್ಟು ಮತ್ತೊಂದು ಸಲ ಬರೆದರೆ ನಿಮಗೆ ಹಸು ಒಂದೇ, ಯಂತ್ರಕ್ಕೆ ಮೂರು. ಅದಕ್ಕೇ ಹಸುವಿನ ಕಂಬಕ್ಕೆ 'ಡೇಟಾ ವ್ಯಾಲಿಡೇಶನ್' ಹಾಕಿ. ಹೆಸರುಗಳ ಪಟ್ಟಿ ಕೊಟ್ಟರೆ ಆ ಮನೆ ಮುಟ್ಟಿದಾಗ ಪಟ್ಟಿ ಇಳಿದು ಬರುತ್ತದೆ, ಬೆರಳಿನಿಂದ ಆರಿಸಿದರೆ ಆಯಿತು. ಹೊತ್ತಿಗೂ ಹಾಗೆಯೇ, ಬೆಳಿಗ್ಗೆ ಅಥವಾ ಸಂಜೆ. ಟೈಪ್ ಮಾಡುವ ಕೆಲಸವೂ ಉಳಿಯಿತು.

ಲೀಟರ್ ಕಂಬದಲ್ಲಿ ಬರೀ ಅಂಕಿ ಬರೆಯಿರಿ. '6 ಲೀ' ಎಂದು ಬರೆದರೆ ಅದು ಅಂಕಿಯಲ್ಲ, ಅಕ್ಷರ. ಕೂಡುವಾಗ ಅದನ್ನು ಬಿಟ್ಟು ಕೂಡುತ್ತದೆ, ಬಿಟ್ಟೆ ಎಂದು ಹೇಳುವುದೂ ಇಲ್ಲ. ದಿನಾಂಕದ್ದು ಇನ್ನೂ ಮೋಸ. ಹಾಳೆಯ ಸೆಟ್ಟಿಂಗ್ಸ್‌ನಲ್ಲಿ ದೇಶ ಅಮೆರಿಕ ಎಂದಿದ್ದರೆ 05/06 ಎಂಬುದು ಜೂನ್ 5 ಅಲ್ಲ, ಮೇ 6 ಆಗುತ್ತದೆ. 13/06 ಅಂತೂ ದಿನಾಂಕವೇ ಅಲ್ಲ ಎಂದು ಅಕ್ಷರವಾಗಿ ಉಳಿಯುತ್ತದೆ. ಅಲ್ಲಿ ಭಾರತ ಎಂದು ಬದಲಿಸಿ. ಪತ್ತೆ ಹಚ್ಚುವ ಸುಲಭ ಉಪಾಯವೂ ಇದೆ: ನೀವು ಜೋಡಣೆ ಬದಲಿಸದಿದ್ದರೆ ನಿಜವಾದ ಅಂಕಿ ಮತ್ತು ದಿನಾಂಕ ಮನೆಯ ಬಲಕ್ಕೆ ಒರಗಿ ನಿಲ್ಲುತ್ತವೆ, ಅಕ್ಷರವಾದದ್ದು ಎಡಕ್ಕೆ. ಕಂಬದ ಮೇಲೊಮ್ಮೆ ಕಣ್ಣಾಡಿಸಿದರೆ ಕಳ್ಳ ಸಿಕ್ಕಿಬೀಳುತ್ತಾನೆ.

ಕಿವಿ ಓಲೆಯ 12 ಅಂಕಿಯ ಸಂಖ್ಯೆ ಇದಕ್ಕೆ ತಿರುವುಮುರುವು. ಅದನ್ನು ಯಾರೂ ಕೂಡುವುದಿಲ್ಲ, ಕಳೆಯುವುದಿಲ್ಲ. ಎಕ್ಸೆಲ್‌ನಲ್ಲಿ ಹಾಗೇ ಬರೆದರೆ ಅದನ್ನು ಕುಗ್ಗಿಸಿ ಗುರುತೇ ಸಿಗದಂತೆ ತೋರಿಸುತ್ತದೆ. ಆ ಕಂಬವನ್ನು ಮೊದಲೇ 'ಟೆಕ್ಸ್ಟ್' ಎಂದು ಮಾಡಿಡಿ.

ಕೇಳುವ ಸೂತ್ರ

ಈಗ ಲೆಕ್ಕ. 'ಸಮ್‌ಇಫ್ಸ್' ಎಂಬ ಸೂತ್ರ ಕಲಿತರೆ ಅರ್ಧ ಕೆಲಸ ಆದಂತೆ. ಅದು ನಿಮ್ಮನ್ನು ಮೂರು ಪ್ರಶ್ನೆ ಕೇಳುತ್ತದೆ: ಏನನ್ನು ಕೂಡಲಿ? ಎಲ್ಲಿ ಹುಡುಕಲಿ? ಯಾರನ್ನು ಹುಡುಕಲಿ? ಲೀಟರ್ ಕಂಬವನ್ನು ಕೂಡು, ಹಸುವಿನ ಕಂಬದಲ್ಲಿ ಹುಡುಕು, ಗೌರಿಯನ್ನು ಹುಡುಕು ಎಂದು ಅದೇ ಅನುಕ್ರಮದಲ್ಲಿ ಕೊಟ್ಟರೆ ಗೌರಿಯ ಒಟ್ಟು ಹಾಲು ಬಂದು ಕೂರುತ್ತದೆ. ಇನ್ನೊಂದು ಷರತ್ತು ಬೇಕಾದರೆ, ಇಂಥ ದಿನದಿಂದ ಇಂಥ ದಿನದವರೆಗೆ ಎಂದು, ಎರಡನೆಯ ಮತ್ತು ಮೂರನೆಯ ಪ್ರಶ್ನೆಗೆ ಮತ್ತೆ ಉತ್ತರ ಕೊಡುತ್ತಾ ಹೋಗುವುದು. ಸೂತ್ರವನ್ನು ಕೆಳಗಿನ ಮನೆಗಳಿಗೆ ಎಳೆದಾಗ ಕಂಬದ ಗಡಿ ಜರುಗಿ ಹೋಗದಂತೆ ಡಾಲರ್ ಗುರುತು ಹಾಕಿ ಗೂಟ ಹೊಡೆಯಬೇಕು. ಅದನ್ನು ಮರೆತವರ ಲೆಕ್ಕ ಕೆಳಕೆಳಗೆ ಕಡಿಮೆಯಾಗುತ್ತಾ ಹೋಗುತ್ತದೆ.

ಹೊತ್ತು ಹೊತ್ತಿಗೆ, ತಿಂಗಳು ತಿಂಗಳಿಗೆ ಬೇಕೆಂದರೆ 'ಪಿವಟ್ ಟೇಬಲ್' ಸಲೀಸು, ಆದರೆ ಅದನ್ನು ಫೋನಿಗಿಂತ ಕಂಪ್ಯೂಟರಿನಲ್ಲಿ ಮಾಡುವುದು ಒಳ್ಳೆಯದು. ಸಾಲಿಗೆ ದಿನಾಂಕ, ಕಂಬಕ್ಕೆ ಹಸು, ಒಳಗೆ ಲೀಟರ್. ದಿನಾಂಕವನ್ನು ಗುಂಪು ಮಾಡುವಾಗ ಬರೀ ತಿಂಗಳು ಎಂದು ಆರಿಸಬೇಡಿ, ವರ್ಷ ಮತ್ತು ತಿಂಗಳು ಎಂದು ಆರಿಸಿ. ಇಲ್ಲವಾದರೆ ಹೋದ ವರ್ಷದ ಜನವರಿ, ಈ ವರ್ಷದ ಜನವರಿ ಎರಡೂ ಒಂದೇ ಕಡೆ ಕೂತುಬಿಡುತ್ತವೆ.

ಸರಾಸರಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಬೆಳಿಗ್ಗೆ 8 ಲೀಟರ್ ಹಾಲಿಗೆ 3.5 ಫ್ಯಾಟ್, ಸಂಜೆ 4 ಲೀಟರಿಗೆ 4.1 ಫ್ಯಾಟ್ ಬಂತು ಎನ್ನಿ. ಎರಡನ್ನೂ ಕೂಡಿ ಎರಡರಿಂದ ಭಾಗಿಸಿದರೆ 3.8. ಆದರೆ ಬೆಳಗಿನ ಹಾಲು ಸಂಜೆಯ ಎರಡರಷ್ಟಿದೆ. ಲೀಟರನ್ನು ಫ್ಯಾಟಿನಿಂದ ಗುಣಿಸಿ (28 ಮತ್ತು 16.4), ಕೂಡಿ, ಒಟ್ಟು 12 ಲೀಟರಿನಿಂದ ಭಾಗಿಸಿದರೆ 3.7. ನಿಜವಾದ ಸರಾಸರಿ ಇದು. 'ಸಮ್‌ಪ್ರಾಡಕ್ಟ್' ಸೂತ್ರ ಈ ಗುಣಾಕಾರ, ಕೂಡುವಿಕೆ ಎರಡನ್ನೂ ಒಂದೇ ಏಟಿಗೆ ಮಾಡುತ್ತದೆ. ಡೈರಿಯಲ್ಲಿ ಫ್ಯಾಟ್ ವಿಷಯ ಮಾತಾಡುವ ಮುಂಚೆ ಈ ಲೆಕ್ಕ ಮಾಡಿಕೊಂಡು ಹೋಗಿ, ಇಲ್ಲವಾದರೆ ಜಗಳ ನಿಮ್ಮ ಕಡೆಯಿಂದಲೇ ತಪ್ಪಾಗಿ ಶುರುವಾಗುತ್ತದೆ.

ಗೌರಿಯೋ, ಲಕ್ಷ್ಮಿಯೋ

ಮಾರುವ ಪ್ರಶ್ನೆಗೆ ಬರೋಣ. ಉದಾಹರಣೆಗೆ ಒಂದು ಮನೆ. ಗೌರಿ ಕರು ಹಾಕಿದ ಹೊಸದರಲ್ಲಿ ದಿನಕ್ಕೆ 16 ಲೀಟರ್ ಕೊಟ್ಟಳು. ಲಕ್ಷ್ಮಿ 11 ದಾಟಲಿಲ್ಲ. ಮನೆಯವರೆಲ್ಲ ಲಕ್ಷ್ಮಿಯನ್ನು ಕಳಿಸೋಣ ಎನ್ನುತ್ತಾರೆ. ಹಾಳೆ ಏನು ಹೇಳುತ್ತದೆ? ಗೌರಿ 290 ದಿನ ಕರೆದು ಒಟ್ಟು 2,700 ಲೀಟರ್ ಕೊಟ್ಟಳು. ಆದರೆ ಒಂದು ಕರುವಿನಿಂದ ಮುಂದಿನ ಕರುವಿಗೆ 450 ದಿನ ಹಿಡಿಯಿತು. ಲಕ್ಷ್ಮಿ 305 ದಿನ ಕರೆದು 2,590 ಲೀಟರ್ ಕೊಟ್ಟಳು, ಮುಂದಿನ ಕರು 370 ದಿನಕ್ಕೇ ಬಂತು. ಹಸು ಕರೆಯದ ದಿನವೂ ಮೇಯುತ್ತದೆ. ಆದ್ದರಿಂದ ಹಾಲನ್ನು ಕರೆದ ದಿನಗಳಿಂದಲ್ಲ, ಕರುವಿನಿಂದ ಕರುವಿಗೆ ಇರುವ ಎಲ್ಲ ದಿನಗಳಿಂದ ಭಾಗಿಸಬೇಕು. ಗೌರಿಗೆ ದಿನಕ್ಕೆ 6 ಲೀಟರ್, ಲಕ್ಷ್ಮಿಗೆ 7. ಗೌರಿ 160 ದಿನ ಬರಡು ನಿಂತಳು, ಲಕ್ಷ್ಮಿ 65 ದಿನ.

ಹಾಗಾದರೆ ಗೌರಿಯನ್ನು ಮಾರುವುದೇ? ತಡೆಯಿರಿ. ಜಾತಕದ ಹಾಳೆ ತೆಗೆದು ನೋಡಿ. ಹೆಚ್ಚಾದದ್ದು 95 ದಿನ. ಹಸು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಅಂದರೆ ಸರಿಸುಮಾರು ನಾಲ್ಕು ಬೆದೆ ತಪ್ಪಿವೆ. ಹಸು ಬೆದೆಗೆ ಬಂದೂ ನಾವು ನೋಡಲಿಲ್ಲವೋ, ಸೂಜಿ ಹಾಕಿಸಿಯೂ ನಿಲ್ಲಲಿಲ್ಲವೋ? ನೋಡದೆ ಹೋಗಿದ್ದರೆ ತಪ್ಪು ಗೌರಿಯದಲ್ಲ. ಮೂರು ನಾಲ್ಕು ಸಲ ಹಾಕಿಸಿಯೂ ಗಬ್ಬ ನಿಲ್ಲದಿದ್ದರೆ ಆ ತಾರೀಖುಗಳನ್ನು ಹಾಗೆಯೇ ಪಶುವೈದ್ಯರಿಗೆ ತೋರಿಸಿ. ಬಾಯಿಮಾತಿನ 'ಆವಾಗ ಒಂದ್ಸಲ ಹಾಕಿಸಿದ್ವಿ ಸಾರ್'ಗಿಂತ ಅದು ಅವರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ತಾರೀಖು ನೆನಪಿಡುವ ಕೆಲಸವನ್ನೂ ಹಾಳೆಗೇ ವಹಿಸಬಹುದು. ದಿನಾಂಕದ ಮನೆಗೆ ಒಂದು ಅಂಕಿ ಕೂಡಿದರೆ ಅಷ್ಟು ದಿನ ಮುಂದಿನ ತಾರೀಖು ಬರುತ್ತದೆ. 10-03-2025ರಂದು ಸೂಜಿ ಹಾಕಿಸಿದ್ದರೆ 21 ಕೂಡಿದಾಗ 31-03-2025, ಅಂದು ಮತ್ತೆ ಬೆದೆಗೆ ಬಂದಿದೆಯೇ ನೋಡಬೇಕು. 280 ಕೂಡಿದರೆ 15-12-2025, ಸುಮಾರು ಅಷ್ಟರಲ್ಲಿ ಕರು. ಅದಕ್ಕೆ 60 ದಿನ ಮುಂಚೆ, 16-10-2025ಕ್ಕೆ, ಹಾಲು ಬತ್ತಿಸಬೇಕು. 'ಕಂಡಿಷನಲ್ ಫಾರ್ಮ್ಯಾಟಿಂಗ್' ಹಾಕಿ, ತಾರೀಖು ಇಂದಿಗೆ ಮೂರು ದಿನದೊಳಗೆ ಬಂದರೆ ಮನೆ ಕೆಂಪಾಗಲಿ ಎಂದು ಹೇಳಿಡಿ. ಬೆಳಿಗ್ಗೆ ಹಾಲು ತುಂಬಲು ಹಾಳೆ ತೆರೆದಾಗ ಕೆಂಪು ಕಂಡರೆ ಕೊಟ್ಟಿಗೆ ಕಡೆ ಒಂದು ಕಣ್ಣು ಹೆಚ್ಚಿಗೆ ಇಡಬಹುದು.

ಬೇರೆಯವರಿಗೆ ತೋರಿಸುವಾಗ

ಮನೆಯಲ್ಲಿ, ಸಂಘದ ವಾರ್ಷಿಕ ಸಭೆಯಲ್ಲಿ, ಬ್ಯಾಂಕಿನಲ್ಲಿ ಇಡೀ ಹಾಳೆ ತೋರಿಸಿದರೆ ಯಾರೂ ನೋಡುವುದಿಲ್ಲ. ಒಂದು ಪ್ರಶ್ನೆಗೆ ಒಂದು ಚಿತ್ರ. ತಿಂಗಳು ತಿಂಗಳಿನ ಏರಿಳಿತಕ್ಕೆ ಗೆರೆಯ ಚಿತ್ರ ಮಾಡಿ, ಹಸುವಿಗೊಂದು ಗೆರೆ. ಗೌರಿಯ ಗೆರೆ ಎತ್ತರಕ್ಕೆ ಹೋಗಿ ನೆಲಕ್ಕೆ ಬಿದ್ದು ಅಲ್ಲೇ ಮಲಗಿರುವುದು, ಲಕ್ಷ್ಮಿಯ ಗೆರೆ ಸಮನಾಗಿ ನಡೆಯುವುದು ಅಕ್ಷರ ಬಾರದ ಅತ್ತೆಗೂ ಕಾಣುತ್ತದೆ. ಹಸು ಹಸುವನ್ನು ಹೋಲಿಸಲು ಕಂಬದ ಚಿತ್ರ ಸಾಕು, ಆದರೆ ಕಂಬ ಸೊನ್ನೆಯಿಂದಲೇ ಶುರುವಾಗಲಿ. 5ರಿಂದ ಶುರು ಮಾಡಿದರೆ 6ಕ್ಕೂ 7ಕ್ಕೂ ಎರಡರಷ್ಟು ವ್ಯತ್ಯಾಸ ಇದ್ದಂತೆ ಕಾಣುತ್ತದೆ. ನೋಡುವವರಿಗೆ ಅದು ಗೊತ್ತಾದರೆ ಮಿಕ್ಕ ಲೆಕ್ಕವನ್ನೂ ನಂಬುವುದಿಲ್ಲ. ರೊಟ್ಟಿಯಂತೆ ಉಬ್ಬಿದ ಬಣ್ಣಬಣ್ಣದ ವೃತ್ತಚಿತ್ರ ನನಗಂತೂ ಇಷ್ಟವಿಲ್ಲ, ಅದರಲ್ಲಿ ಯಾವ ತುಂಡು ದೊಡ್ಡದೆಂದು ಹೇಳುವುದೇ ಕಷ್ಟ.

2018-19ರ ಕೇಂದ್ರ ಬಜೆಟ್ಟಿನಿಂದ ಕಿಸಾನ್ ಕ್ರೆಡಿಟ್ ಕಾರ್ಡ್ ಪಶುಸಂಗೋಪನೆಗೂ ವಿಸ್ತರಿಸಿದೆ. ಅದಕ್ಕೆ ಅರ್ಜಿ ಹಾಕುವವರು ಹನ್ನೆರಡು ತಿಂಗಳ ಹಾಲು, ಬಟವಾಡೆ, ಮೇವಿನ ಖರ್ಚು, ಉಳಿದದ್ದು ಇಷ್ಟನ್ನು ಒಂದೇ ಪುಟದಲ್ಲಿ ಮುದ್ರಿಸಿ ಪಾಸ್‌ಪುಸ್ತಕದ ಜೊತೆ ಇಡಿ. ನಿಮ್ಮ ಬಟವಾಡೆ ಮೊತ್ತ ಪಾಸ್‌ಪುಸ್ತಕಕ್ಕೆ ಹೊಂದಬೇಕು. ಲೀಟರ್ ಹೊಂದದಿದ್ದರೆ ಗಾಬರಿ ಬೇಡ. ಮನೆಗೆ, ಕರುವಿಗೆ ಬಿಟ್ಟ ಹಾಲು ಡೈರಿಗೆ ಹೋಗಿಲ್ಲವಲ್ಲ. ಅದನ್ನು 'ಮನೆಗೆ' ಎಂದು ಬೇರೆ ಸಾಲಿನಲ್ಲಿ ತೋರಿಸಿದರೆ ಕೇಳಿದಾಗ ಉತ್ತರ ಸಿದ್ಧ.

ಹಾಳೆಯನ್ನು ಮಗನಿಗೋ ನಾದಿನಿಗೋ ಕಳಿಸುವಾಗ 'ನೋಡಲು ಮಾತ್ರ' ಎಂದು ಆರಿಸಿ ಕಳಿಸಿ. ತಿದ್ದುವ ಅಧಿಕಾರ ತುಂಬುವವರ ಕೈಯಲ್ಲೇ ಇರಲಿ. ಗೂಗಲ್ ಖಾತೆ ನಿಮ್ಮ ಹೆಸರಿನಲ್ಲೇ ಇರಲಿ, ಗುಟ್ಟಿನ ಪದ ನಿಮಗೆ ನೆನಪಿರಲಿ. ಫೋನ್ ನೀರಿನ ತೊಟ್ಟಿಗೆ ಬಿದ್ದರೂ ಬೇರೆ ಫೋನಿನಲ್ಲಿ ಅದೇ ಖಾತೆ ತೆರೆದರೆ ಗೌರಿ, ಲಕ್ಷ್ಮಿ ಇಬ್ಬರ ಲೆಕ್ಕವೂ ನಿನ್ನೆ ಸಂಜೆಯವರೆಗೆ ಹಾಗೆಯೇ ಇರುತ್ತದೆ.