ಎಚ್ಚರಿಕೆ ಹತ್ತು ಸಾಲು, ಕೊರತೆ ಒಂದೇ

ಡೆಬಿಯನ್ ಲಿನಕ್ಸ್ ಹಾಕಲು ಹೊರಟ ಅನೇಕರು ಅರ್ಧಕ್ಕೇ ಕೈಬಿಡುವುದು ಒಂದು ಸಂದೇಶ ಕಂಡು: ನಿಮ್ಮ ಹಾರ್ಡ್‌ವೇರ್‌ಗೆ ಬೇಕಾದ ಫರ್ಮ್‌ವೇರ್ ಫೈಲುಗಳಿಲ್ಲ. ಕೆಳಗೆ ಐಡಬ್ಲ್ಯೂಎಲ್‌ವೈಫೈ ಎಂದು ಶುರುವಾಗುವ ಉದ್ದುದ್ದ ಹೆಸರುಗಳು. 'ಇಲ್ಲ' ಎಂದು ಒತ್ತಿದರೂ ಸಂದೇಶ ಮತ್ತೆ ಹಾಜರ್. ಲ್ಯಾಪ್‌ಟಾಪ್‌ನ ಅರ್ಧ ಭಾಗ ಲಿನಕ್ಸ್‌ಗೆ ಒಗ್ಗುವುದಿಲ್ಲವೇನೋ ಅನ್ನಿಸುವುದು ಸಹಜ. ಆದರೆ ಆ ಹೆಸರುಗಳನ್ನು ನಿಧಾನವಾಗಿ ಓದಿ. ಬದಲಾಗುತ್ತಿರುವುದು ಕೊನೆಯ ಅಂಕಿ ಮಾತ್ರ: 36, 35, 34... ಇಂಟೆಲ್ ವೈಫೈ ಡ್ರೈವರ್ ತನಗೆ ಗೊತ್ತಿರುವ ಅತಿ ಹೊಸ ಆವೃತ್ತಿಯನ್ನು ಮೊದಲು ಹುಡುಕುತ್ತದೆ, ಸಿಗದಿದ್ದರೆ ಹಿಂದಿನದಕ್ಕೆ ಇಳಿಯುತ್ತದೆ. ಪ್ರತಿ ಹುಡುಕಾಟಕ್ಕೂ ಒಂದೊಂದು ದೂರು. ಅವುಗಳಲ್ಲಿ ಯಾವುದಾದರೂ ಒಂದು ಸಿಕ್ಕರೂ ವೈಫೈ ನಡೆಯುತ್ತದೆ. ಡ್ರೈವರ್ ಇಲ್ಲದೇ ಹೋಗಿದೆ ಎಂದೂ ಅಲ್ಲ, ಅದು ಕರ್ನಲ್ ಜೊತೆಗೇ ಬಂದಿರುತ್ತದೆ. ಇಲ್ಲದಿರುವುದು ಚಿಪ್‌ನೊಳಗೆ ಓಡಬೇಕಾದ, ತಯಾರಕರು ಮೂಲ ಸಂಕೇತ ಬಿಟ್ಟುಕೊಡದ ಪುಟ್ಟ ತಂತ್ರಾಂಶ, ಅಂದರೆ ಫರ್ಮ್‌ವೇರ್.

ಹಾಗಾದರೆ ಎಲ್ಲವನ್ನೂ ಕಡೆಗಣಿಸಬಹುದೇ? ಬೇಡ. ನೆಟ್‌ಇನ್‌ಸ್ಟ್ ಎಂಬ ಚಿಕ್ಕ ಐಎಸ್‌ಒ ಬಳಸುವವರಿಗೆ ಉಳಿದದ್ದೆಲ್ಲ ಇಂಟರ್ನೆಟ್‌ನಿಂದ ಇಳಿಯಬೇಕು. ವೈಫೈ ಬಿಟ್ಟರೆ ಬೇರೆ ದಾರಿಯಿಲ್ಲದಿದ್ದರೆ ಕೆಲಸ ಅಲ್ಲಿಗೇ ನಿಂತಿತು. ಆದ್ದರಿಂದ ಮೊದಲು ಪೆನ್‌ಡ್ರೈವ್‌ನಲ್ಲಿರುವುದು ಡೆಬಿಯನ್‌ನ ಯಾವ ಆವೃತ್ತಿ ನೋಡಿ. 2022ರಲ್ಲಿ ಡೆಬಿಯನ್ ಡೆವಲಪರ್‌ಗಳು ಮತ ಹಾಕಿ ಫರ್ಮ್‌ವೇರ್ ಕುರಿತ ನಿಯಮ ಬದಲಿಸಿದರು. 2023ರ ಜೂನ್‌ನಲ್ಲಿ ಬಂದ 12ನೇ ಆವೃತ್ತಿಯಿಂದ ಅಧಿಕೃತ ಐಎಸ್‌ಒದಲ್ಲೇ ಫರ್ಮ್‌ವೇರ್ ಇರುತ್ತದೆ. ಹಳೆಯದಾಗಿದ್ದರೆ ಹೊಸದನ್ನು ಇಳಿಸಿಕೊಳ್ಳುವುದೇ ಅರ್ಧ ಪರಿಹಾರ. ಆಮೇಲೂ ಸಂದೇಶ ಬಂದರೆ ಲ್ಯಾನ್ ಕೇಬಲ್ ಚುಚ್ಚಿ, ಇಲ್ಲವೇ ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿಯಲ್ಲಿ ಜೋಡಿಸಿ ಟೆದರಿಂಗ್ ಆನ್ ಮಾಡಿ. ಸಾಮಾನ್ಯವಾಗಿ ಇನ್‌ಸ್ಟಾಲರ್ ಅದನ್ನೇ ನೆಟ್‌ವರ್ಕ್ ಎಂದು ಗುರುತಿಸುತ್ತದೆ. ಬೇಕಾದ ಫರ್ಮ್‌ವೇರ್ ಪ್ಯಾಕೇಜನ್ನು ಆಮೇಲೆ ಹಾಕಿಕೊಂಡರಾಯಿತು.

ಮುಚ್ಚಿದ ತಂತ್ರಾಂಶ ಸೇರಿಸಿದರೆ ಮುಕ್ತ ತಂತ್ರಾಂಶದ ತತ್ವ ಏನಾಯಿತು ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಆದರೆ ವೈಫೈಯೇ ಬಾರದ ಯಂತ್ರದಿಂದ ಹೊಸಬರು ವಿಂಡೋಸ್‌ಗೇ ಮರಳುತ್ತಾರೆ, ಅದರಿಂದ ತತ್ವಕ್ಕೇನೂ ಲಾಭವಿಲ್ಲ. ಮುಚ್ಚಿದ ಫರ್ಮ್‌ವೇರ್ ಬೇಡವೆನ್ನುವವರು ಬೂಟ್ ಸಾಲಿನಲ್ಲಿ 'ಫರ್ಮ್‌ವೇರ್=ನೆವರ್' ಎಂದು ಇಂಗ್ಲಿಷ್‌ನಲ್ಲಿ ಸೇರಿಸಿದರೆ ಆ ಹುಡುಕಾಟವೇ ನಡೆಯುವುದಿಲ್ಲ.

ಇನ್ನೊಂದು ಬಗೆಯ ಎಚ್ಚರಿಕೆ ಮುಂದೆ ಕರ್ನಲ್ ಅಪ್‌ಡೇಟ್ ಆದಾಗ ಕಾಣುತ್ತದೆ: ಆರ್8169 ಎಂಬ ಡ್ರೈವರ್‌ಗೆ 'ಬಹುಶಃ ಫರ್ಮ್‌ವೇರ್ ಇಲ್ಲ' ಎನ್ನುವ ಸಾಲುಗಳು. ಆ ಒಂದೇ ಡ್ರೈವರ್ ರಿಯಲ್‌ಟೆಕ್‌ನ ಹಲವು ಲ್ಯಾನ್ ಚಿಪ್‌ಗಳನ್ನು ನೋಡಿಕೊಳ್ಳುತ್ತದೆ. ನಿಮ್ಮಲ್ಲಿಲ್ಲದ ಚಿಪ್‌ಗಳ ಫೈಲುಗಳೂ ಪಟ್ಟಿಯಲ್ಲಿ ಸೇರಿಬಿಡುತ್ತವೆ. ಕೇಬಲ್ ಚುಚ್ಚಿ ನೋಡಿ, ಇಂಟರ್ನೆಟ್ ಬಂದರೆ ಆ ಸಾಲುಗಳ ಗೋಜಿಗೆ ಹೋಗಬೇಡಿ.